ದಕ್ಷಿಣದ ಗಾಳಿಯ ಬಾಡಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಕೋಲ್ಕತ್ತದಲ್ಲಿ ಒಂಟಿ ಹೆಣ್ಣಾಗಿ ಬಾಡಿಗೆ ಮನೆ ಹುಡುಕಿ ನೋಡಿರಲಿಲ್ಲ. ನೋಡಿದ್ದರೆ ಮೊದಲಿನ ಎರಡನ್ನೂ ಮಕ್ಕಳಾಟವೆಂದು ಬಿಟ್ಟುಬಿಡುತ್ತಿದ್ದರು. ನಾನು ಅಲ್ಲಿಗೆ ಹೋದ ಕಾಲಕ್ಕೆ ಸಾಲ್ಟ್ ಲೇಕ್ ಬಡಾವಣೆಯ ಅಂಚಿನಲ್ಲಿ ಗಾಜಿನ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದವು. ಬೆಂಗಳೂರಿನ ಆಫೀಸಿನಿಂದ ನಮ್ಮಂಥ ಕಂಪ್ಯೂಟರಿನವರನ್ನು ತಂದು ಅಲ್ಲಿ ಕೂರಿಸುತ್ತಿದ್ದರು. ಕೋಲ್ಕತ್ತ ಅಗ್ಗದ ಊರು, ರಾಣಿಯ ಹಾಗೆ ಇರಬಹುದು ಎಂದು ಹೇಳಿ ಕಳಿಸಿದ್ದರು. ಅಗ್ಗವೇನೋ ಹೌದು. ಚಹಾ ಅಗ್ಗ, ಟ್ರಾಮು ಅಗ್ಗ, ಮಾತಂತೂ ಪುಕ್ಕಟೆ. ಮನೆ ಮಾತ್ರ ನಮ್ಮ ಕೊರಳಿನ ಬ್ಯಾಡ್ಜು ಕಂಡ ಕೂಡಲೇ ತುಟ್ಟಿಯಾಗುತ್ತಿತ್ತು.

ಅದಕ್ಕಿಂತ ದೊಡ್ಡ ತೊಡಕು ನನ್ನ ಒಂಟಿತನದ್ದು. ನನಗೆ ಆಗ ಮೂವತ್ತೆರಡು. ಬಾಗಿಲು ತೆರೆದವರೆಲ್ಲ ನನ್ನ ಬೆನ್ನ ಹಿಂದೆ ಇಣುಕಿ, "ಫ್ಯಾಮಿಲಿ?" ಎನ್ನುತ್ತಿದ್ದರು. ಗಂಡ ಎಲ್ಲೋ ರಿಕ್ಷಾದವನಿಗೆ ಚಿಲ್ಲರೆ ಕೊಡುತ್ತ ಕೆಳಗೆ ನಿಂತಿರಬಹುದೆಂಬ ನಿರೀಕ್ಷೆ. ಇಲ್ಲವೆಂದು ತಿಳಿದ ಮೇಲೆ ಮನೆಯಲ್ಲಿ ಇದ್ದಕ್ಕಿದ್ದಂತೆ ನೀರಿನ ತೊಂದರೆ ಶುರುವಾಗುತ್ತಿತ್ತು.

ಲೇಕ್ ಮಾರ್ಕೆಟ್ಟಿನ ಹತ್ತಿರ ನಾನು ನೋಡಿದ ಮನೆ ಹನ್ನೊಂದನೆಯದು. ಮಾಲೀಕರು ಕಚೇರಿಗಳ ಪೇಟೆಯಾದ ಬಿಬಿಡಿ ಬಾಗ್‌ನ ಯಾವುದೋ ಬ್ಯಾಂಕಿನಿಂದ ನಿವೃತ್ತರಾದವರು. ಹೆಂಡತಿಯೊಡನೆ ಮೊದಲ ಮಹಡಿಯಲ್ಲಿದ್ದರು. ಸಾಲ ಕೇಳಲು ಬಂದವಳನ್ನು ಕೂರಿಸಿದ ಹಾಗೆ ನನ್ನನ್ನು ಮೇಜಿನ ಆಚೆ ಕೂರಿಸಿ ವಿಚಾರಣೆ ನಡೆಸಿದರು. ಊರು ಯಾವುದು, ತಂದೆ ಏನು ಮಾಡುತ್ತಿದ್ದರು, ಕೊನೆಗೆ ಮುಖ್ಯ ಪ್ರಶ್ನೆ: ಮೀನು ತಿನ್ನುತ್ತೀಯಾ? ಇಲ್ಲವೆಂದೆ. ಮೊಟ್ಟೆ? ಅದೂ ಇಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡರು. ಕೆಲಸ ಕೆಟ್ಟಿತು ಎಂದುಕೊಂಡೆ. ಆದರೆ ಆ ಹೆಂಗಸು ತುಂಬಿದ ಕಣ್ಣಿನಿಂದ ನನ್ನ ತಲೆ ಸವರಿ, ಪಾಪ, ಇರಲಿ ಬಿಡಿ ಎಂದರು. ಮೀನು ತಿನ್ನದ ದುರ್ದೈವಕ್ಕೆ ಮರುಗಿ ಮನೆ ಕೊಟ್ಟದ್ದು ಆ ಊರಿನ ಚರಿತ್ರೆಯಲ್ಲಿ ಅದೇ ಮೊದಲಿರಬೇಕು. ಅಂದಿನಿಂದ ಅವರು ನನಗೆ ಮಾಶಿಮಾ, ಎಂದರೆ ಚಿಕ್ಕಮ್ಮ; ನಾನು ಅವರಿಗೆ 'ಮಾ'. ಅಲ್ಲಿ ಹಿರಿಯರು ಹುಡುಗಿಯರನ್ನು ಕರೆಯುವುದು ಹಾಗೆಯೇ.

ಎರಡನೇ ಮಹಡಿಗೆ ಕರೆದುಕೊಂಡು ಹೋಗಿ ಮಾಲೀಕರು ಬಾಗಿಲು ತೆರೆದರು. ದೇವರ ಮುಂದಿನ ಪರದೆ ಸರಿಸುವ ಪೂಜಾರಿಯ ಮುಖಭಾವದಲ್ಲಿ, "ದೊಕ್ಖಿನ್ ಖೋಲಾ" ಎಂದರು. ದಕ್ಷಿಣಕ್ಕೆ ತೆರೆದ ಮನೆ. ಮುಂಬಾಗಿಲು ದಕ್ಷಿಣಕ್ಕೆ, ಮಲಗುವ ಕೋಣೆಯ ಬಾಲ್ಕನಿಯೂ ದಕ್ಷಿಣಕ್ಕೆ. ಅದಕ್ಕಾಗಿ ಬಾಡಿಗೆ ಒಂದು ಹಿಡಿ ಹೆಚ್ಚು.

ನನಗೆ ನಗು ತಡೆಯಲಾಗಲಿಲ್ಲ. ನಾನು ಹುಬ್ಬಳ್ಳಿಯವಳು. ನಮ್ಮಲ್ಲಿ ದಕ್ಷಿಣದ ಬಾಗಿಲೆಂದರೆ ಯಮನ ದಿಕ್ಕಿನ ಬಾಗಿಲು. ಅಂಥ ಮನೆ ವರ್ಷಗಟ್ಟಲೆ ಖಾಲಿ ಬೀಳುತ್ತದೆ. ಮಾಲೀಕ ಬಾಡಿಗೆ ಇಳಿಸುತ್ತಾನೆ, ಬಾಗಿಲಿಗೆ ಕುಂಬಳಕಾಯಿ ಕಟ್ಟುತ್ತಾನೆ, ಕಡೆಗೆ ಗೋಡೆ ಒಡೆದು ಬೇರೆ ಕಡೆ ಬಾಗಿಲಿಡುತ್ತಾನೆ. ಇಲ್ಲಿ ಅದೇ ಯಮನಿಗೆ ಹೆಚ್ಚುವರಿ ಬಾಡಿಗೆ. ಆದರೆ ಆ ಚೈತ್ರದ ಸಂಜೆ ಬಾಗಿಲು ತೆರೆದಾಗ ಸಮುದ್ರದ ಕಡೆಯಿಂದ ಬಂದ ಗಾಳಿ ಬೆವರಿದ ಕುತ್ತಿಗೆಗೆ ತಾಗಿತು. ಹತ್ತು ಮನೆಗಳ ಬೆಂಕಿಯಂಥ ಕೋಣೆಗಳನ್ನು ನೋಡಿ ಬಂದವಳು ನಾನು. ಅಲ್ಲೇ ಮುಂಗಡ ಕೊಟ್ಟೆ.

ಆ ದಿನವೇ ಅವ್ವನಿಗೆ ಫೋನು ಮಾಡಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಅಣ್ಣನ ಮನೆಯಲ್ಲಿದ್ದಳು. ಬಾಡಿಗೆ ಎಷ್ಟು, ನೀರು ಬರುತ್ತದೋ ಇಲ್ಲವೋ, ನೆರೆಹೊರೆ ಎಂಥದು, ಒಂದನ್ನೂ ಕೇಳಲಿಲ್ಲ.

"ಬಾಗಲ ಯಾ ದಿಕ್ಕಿಗೈತಿ?"

"ಪೂರ್ವಕ್ಕ," ಎಂದೆ.

"ಹಂಗಾರ ಚೊಲೊ ಆತು ಬಿಡು."

ಒಂದು ಶಬ್ದದ ಸುಳ್ಳು. ಸಾವಿರದಿನ್ನೂರು ಮೈಲಿ ದೂರದಲ್ಲಿ ಯಾವ ದಿಕ್ಕಾದರೇನು ಎಂದುಕೊಂಡೆ.

ಆಮೇಲಿನ ಎರಡು ವರ್ಷ ನಾನು ಸುಖವಾಗಿದ್ದೆ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಒಂಟಿ ಹೆಣ್ಣಿನ ಸುಖವನ್ನು ಯಾರೂ ನಂಬುವುದಿಲ್ಲ, ಆಕೆ ನಗುತ್ತಿದ್ದರೆ ಅಳು ನುಂಗಿದ್ದಾಳೆ ಎನ್ನುತ್ತಾರೆ. ನನ್ನ ಮನೆಯಲ್ಲಿ ಒಂದು ದೊಡ್ಡ ಮಂಚವಿತ್ತು, ಅದರ ಮಧ್ಯದಲ್ಲಿ ಮಲಗುತ್ತಿದ್ದೆ. ಬಾಲ್ಕನಿಯಲ್ಲಿ ಒಂದು ಬೆತ್ತದ ಕುರ್ಚಿ. ಒಂದೇ. ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು, ಕಾಫಿಪುಡಿ, ಬಾಳೆ ಎಲೆ ಎಲ್ಲ ಸಿಗುತ್ತಿತ್ತು, ಅಲ್ಲಿ ನೆಲೆಸಿದ ತಮಿಳರ ಪುಣ್ಯ. ಅಡುಗೆಗೆ ಒಬ್ಬ ಹೆಂಗಸು ಬರುತ್ತಿದ್ದಳು, ಅಲ್ಲಿ ಕೆಲಸದವರನ್ನೂ ಮಾಶಿ ಎನ್ನುತ್ತಾರೆ. ಸಾರಿಗೆ ಸಕ್ಕರೆ ಹಾಕುವುದನ್ನು ಬಿಡಿಸಲು ಆರು ತಿಂಗಳು ಬೇಕಾಯಿತು, ಅಷ್ಟರಲ್ಲಿ ನನಗೇ ಅದು ರೂಢಿಯಾಗಿತ್ತು. ಬೆಳಿಗ್ಗೆ ಆಫೀಸಿನ ಗಾಡಿ ಬರುತ್ತಿತ್ತು. ಸಂಜೆ ಬಂದು ಸ್ನಾನ ಮಾಡಿ ಬಾಲ್ಕನಿಯಲ್ಲಿ ಕಾಲು ಚಾಚಿದರೆ, ಬಾಡಿಗೆಗೆ ತಕ್ಕ ಗಾಳಿ. ಊರಿನಲ್ಲಿ ಇದ್ದಿದ್ದರೆ ಆ ಹೊತ್ತಿಗೆ ಯಾರದೋ ಮಗುವಿಗೆ ಮಗ್ಗಿ ಹೇಳಿಕೊಡುತ್ತಿದ್ದೆ.

ಅತ್ತ ಹುಬ್ಬಳ್ಳಿಯಲ್ಲಿ ನನ್ನ ಸುಳ್ಳು ಹೂ ಬಿಟ್ಟು ಕಾಯಾಗುತ್ತಿತ್ತು. ನನಗೆ ಬಡ್ತಿ ಸಿಕ್ಕಿತು, ಅದು ಪೂರ್ವದ ಬಾಗಿಲಿನಿಂದ. ಊರೆಲ್ಲ ಮಲೇರಿಯಾ ಬಂದರೂ ನನಗೆ ಬರಲಿಲ್ಲ, ಅದೂ ಆ ಬಾಗಿಲಿನಿಂದಲೇ. ಮನೆ ಕಟ್ಟಿಸುವ ನೆಂಟರಿಗೆಲ್ಲ ಅವ್ವ ನನ್ನ ಉದಾಹರಣೆ ಕೊಡುತ್ತಿದ್ದಳಂತೆ. ಒಂದೇ ಒಂದು ಅವಳಿಗೆ ಬಗೆಹರಿಯುತ್ತಿರಲಿಲ್ಲ. ಇಷ್ಟೊಂದು ಒಳ್ಳೆಯ ಬಾಗಿಲಿದ್ದೂ ಒಂದು ಗಂಡು ಯಾಕೆ ಕೂಡಿ ಬರುತ್ತಿಲ್ಲ? ಬಂದ ಗಂಡುಗಳನ್ನು ನಾನೇ ಫೋನಿನಲ್ಲಿ ಓಡಿಸುತ್ತಿದ್ದೆ, ಅದು ಅವಳಿಗೂ ಗೊತ್ತಿತ್ತು. ಆದರೂ ದಿಕ್ಕನ್ನು ದೂರುವುದು ಮಗಳನ್ನು ದೂರುವುದಕ್ಕಿಂತ ಮರ್ಯಾದೆಯ ಕೆಲಸ.

ಮೂರನೆಯ ವರ್ಷ ಬೆಂಗಳೂರಿನ ಎಂಜಿನಿಯರ್ ಒಬ್ಬನ ಸಂಬಂಧ ಬಂತು. ಅಣ್ಣನಿಗೆ ಒಪ್ಪಿಗೆ, ಅತ್ತಿಗೆಗೆ ಒಪ್ಪಿಗೆ, ಗಂಡಿನ ತಾಯಿಗೂ ಒಪ್ಪಿಗೆ. ನನ್ನದೊಂದೇ ಬಾಕಿ. ನಾನು ಆಗದೆಂದಾಗ ಅವ್ವ ಫೋನಿನಲ್ಲೇ ಒಂದು ಪಂದ್ಯ ಕಟ್ಟಿದಳು.

"ನಾ ಬಂದ ನೋಡ್ತೇನಿ. ನೀ ಅಲ್ಲೆ ನೆಟ್ಟಗ ಅದೀ ಅಂತ ನನ್ನ ಕಣ್ಣಿಗೆ ಕಂಡ್ರ ಇನ್ನ ಮದವಿ ಸುದ್ದಿ ಎತ್ತಂಗಿಲ್ಲ. ಕಾಣಲಿಲ್ಲ ಅಂದ್ರ ನೀ ಬೆಂಗಳೂರಿಗೆ ಬದ್ಲಿ ಕೇಳಬೇಕು. ಆತಿಲ್ಲ?"

ಆತು ಎಂದೆ. ಅವ್ವ ಮಾತಿಗೆ ತಪ್ಪುವವಳಲ್ಲ, ಅದೇ ನನ್ನ ಧೈರ್ಯ. ಅದೇ ಭಯವೂ ಆಗಿತ್ತು. ಹದಿನೈದು ದಿನ ಇರಲು ಬರುತ್ತೇನೆಂದಳು. ಆ ಮನೆಯನ್ನು ಅವಳು ಮೆಚ್ಚಿದರೆ ನನ್ನ ಕುರ್ಚಿ, ಗಾಳಿ, ಮಂಚದ ಮಧ್ಯಭಾಗ ಎಲ್ಲ ನನಗೇ ಉಳಿಯುತ್ತದೆ. ದಕ್ಷಿಣದ ಬಾಗಿಲು ಕಂಡರೆ ಮುಗಿಯಿತು.

ಮನೆಯನ್ನು ತಿರುಗಿಸಲು ಬರುವುದಿಲ್ಲ. ಆದರೆ ಅಡುಗೆಮನೆಯ ಹಿಂದೆ ಒಂದು ಬಾಗಿಲಿತ್ತು, ಅಪ್ಪಟ ಪೂರ್ವದ್ದು. ಅದರ ಹೊರಗೆ ಕಬ್ಬಿಣದ ಸುರುಳಿ ಮೆಟ್ಟಿಲು, ಹಿತ್ತಲಿನ ಓಣಿಯಿಂದ ಮೂರೂ ಮಹಡಿಗೆ ಹಾವಿನಂತೆ ಸುತ್ತಿಕೊಂಡು ಏರುತ್ತಿತ್ತು. ಹಳೆಯ ಕೋಲ್ಕತ್ತದ ಮನೆಗಳಿಗೆಲ್ಲ ಇಂಥದೊಂದು ಇರುತ್ತದೆ. ಬಚ್ಚಲು, ಪಾಯಖಾನೆ ತೊಳೆಯಲು ಬರುವ ಜಮಾದಾರ ಮನೆಯೊಳಗೆ ಹಾಯದೆ ಹಿಂದಿನಿಂದಲೇ ಬಂದು ಹೋಗಲೆಂದು ಹಿಂದಿನ ಕಾಲದ ಸಭ್ಯರು ಮಾಡಿಸಿದ ಏರ್ಪಾಡು. ಆ ಸಭ್ಯತೆಯ ಬಗ್ಗೆ ನನಗೆ ಅಸಹ್ಯವಿತ್ತು. ಈಗ ಅದೇ ನನ್ನ ಕೈಹಿಡಿಯಿತು.

ಪುಸ್ತಕದ ಕಪಾಟನ್ನು ಎಳೆದು ಮುಂಬಾಗಿಲಿಗೆ ಅಡ್ಡ ನಿಲ್ಲಿಸಿದೆ, ಅದರ ಅಕ್ಕಪಕ್ಕಕ್ಕೆ ಪರದೆ ಬಿಟ್ಟೆ. ಅಡುಗೆಯ ಮಾಶಿಗೆ ಹದಿನೈದು ದಿನ ಸಂಬಳ ಸಹಿತ ರಜೆ ಕೊಟ್ಟೆ, ಅವಳ ಬಾಯಿಯ ಮೇಲೆ ನಂಬಿಕೆಯಿರಲಿಲ್ಲ. ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎನ್ನುತ್ತಾರಲ್ಲ, ಆ ದಾರಿಯನ್ನು ನಾನೇ ಗುಡಿಸಿ ಸಾರಿಸಿ ಇಟ್ಟೆ.

ಶನಿವಾರ ಮಧ್ಯಾಹ್ನ ಹೌರಾದಲ್ಲಿ ಅವ್ವ ಇಳಿದಳು. ಎರಡು ದಿನದ ರೈಲಿನ ದಣಿವು, ಒಂದು ಗಂಟು ಕಟಕ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ, ನಮ್ಮ ಹಿಂಡಿ. ಟ್ಯಾಕ್ಸಿಯನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿದೆ. ಮುಂದಿನ ಮೆಟ್ಟಿಲು ಮಾಲೀಕರದು, ಬಾಡಿಗೆಯವರಿಗೆ ಇದು ಎಂದೆ. ಅವ್ವ ಸುರುಳಿ ಮೆಟ್ಟಿಲನ್ನು ತಲೆ ಎತ್ತಿ ನೋಡಿದಳು. ಸೀರೆ ಎತ್ತಿ ಸಿಕ್ಕಿಸಿ, ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ ಹತ್ತಿದಳು. ನಾಲ್ಕು ಕಡೆ ನಿಂತಳು. ಮೇಲೆ ಬಂದು ಬಾಗಿಲಿನ ಮುಂದೆ ನಿಂತು ಸೂರ್ಯನನ್ನು ಹುಡುಕಿ ದಿಕ್ಕು ಅಂದಾಜು ಮಾಡಿ, ಬಲಗಾಲಿಟ್ಟು ಒಳಗೆ ಬಂದಳು. ಚೀಲದಿಂದ ಮಣಿಯ ತೋರಣ ತೆಗೆದು ಆ ಬಾಗಿಲಿಗೆ ತಾನೇ ಕಟ್ಟಿದಳು. ಹೊಸದು, ನನಗೆಂದೇ ಹೆಣೆಸಿದ್ದು. ಜಮಾದಾರನ ಬಾಗಿಲಿಗೆ ಅಷ್ಟು ಚೆಂದದ ತೋರಣ ಆ ಊರಿನಲ್ಲಿ ಇನ್ನೊಂದಿರಲಿಕ್ಕಿಲ್ಲ.

ಮರುದಿನ ಭಾನುವಾರ. ನಾನು ಬಾಲ್ಕನಿಯಲ್ಲಿ ಆಫೀಸಿನ ಫೋನಿನಲ್ಲಿ ಸಿಕ್ಕಿಕೊಂಡಿದ್ದಾಗ ಜಮಾದಾರ ಬಂದಿದ್ದ. ಬಿಹಾರದ ಕಡೆಯ ವಯಸ್ಸಾದ ಮನುಷ್ಯ. ನಾನು ಮಾತು ಮುಗಿಸಿ ಒಳಗೆ ಬಂದರೆ ಅವನು ಮೇಲಿನ ಮೆಟ್ಟಿಲ ಮೇಲೆ ಕೂತು ರೊಟ್ಟಿ ಹಿಂಡಿ ತಿನ್ನುತ್ತಿದ್ದ. ಅವ್ವ ಹೊಸ್ತಿಲಲ್ಲಿ ಕೂತು ತನ್ನ ಹುಬ್ಬಳ್ಳಿ ಹಿಂದಿಯಲ್ಲಿ ಅವನ ಹೆಣ್ಣುಮಕ್ಕಳ ಸಮಾಚಾರ ಕೇಳುತ್ತಿದ್ದಳು. ಎರಡು ವರ್ಷದಲ್ಲಿ ನಾನು ಅವನಿಗೆ ಒಂದು ಲೋಟ ನೀರು ಕೊಟ್ಟ ನೆನಪಿಲ್ಲ. ಸ್ವಲ್ಪ ನಾಚಿಕೆಯಾಯಿತು, ಆದರೆ ಅವ್ವನ ಮುಖದಲ್ಲಿ ಸಂಶಯ ಕಾಣಲಿಲ್ಲವೆಂಬ ಸಮಾಧಾನ ಅದಕ್ಕಿಂತ ದೊಡ್ಡದಾಗಿತ್ತು.

ಸೋಮವಾರದಿಂದ ನಾನೂ ಆಫೀಸಿಗೆ ಅದೇ ಮೆಟ್ಟಿಲಿನಿಂದ ಇಳಿದೆ. ಹೆಗಲಿಗೆ ಲ್ಯಾಪ್‌ಟಾಪು, ಕಾಲಿಗೆ ಎತ್ತರದ ಹಿಮ್ಮಡಿಯ ಚಪ್ಪಲಿ, ಕಬ್ಬಿಣದ ಮೇಲೆ ಟಣ್ ಟಣ್ ಸದ್ದು. ಗಾಡಿಯ ಡ್ರೈವರು ಮುಂದಿನ ಗೇಟಿನಲ್ಲಿ ಕಾದು ಬೇಸತ್ತು ಫೋನು ಮಾಡುತ್ತಿದ್ದ. ಸಂಜೆ ಬಂದರೆ ಅವ್ವ ಸೀರೆ ಬದಲಿಸಿ ತಯಾರಾಗಿರುತ್ತಿದ್ದಳು, ಪೇಟೆಗೆ ಹೋಗೋಣ ಎನ್ನುತ್ತಿದ್ದಳು. ಬೆಳಿಗ್ಗೆ ಒಬ್ಬಳೇ ಹೂವು ತರಲು ಇಳಿದಿರುತ್ತಿದ್ದಳು. ಊರಿನಲ್ಲಿ ಅಟ್ಟ ಸಹ ಹತ್ತದವಳಿಗೆ ಇಲ್ಲಿ ಇಷ್ಟು ಹುರುಪೇ ಎಂದು ನನಗೆ ಖುಷಿ. ಊರು ಅವಳಿಗೆ ಹಿಡಿಸಿದೆ ಎಂದು ಲೆಕ್ಕ ಹಾಕಿದೆ. ಮಲಗುವ ಮುಂಚೆ ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದಳು. ವಾಸನೆ ಮನೆಯೆಲ್ಲ ಹಬ್ಬುತ್ತಿತ್ತು. ನಾನು ಕಿಟಕಿ ತೆರೆದಿಟ್ಟೆ.

ಬುಧವಾರ ಸಂಜೆ ಪೇಟೆಯಿಂದ ಬಂದು ಹತ್ತುತ್ತಿದ್ದೆವು. ಅವ್ವ ಮುಂದೆ, ನಾನು ತರಕಾರಿ ಚೀಲ ಹಿಡಿದು ಹಿಂದೆ. ಮೊದಲ ಮಹಡಿಯ ತಿರುವಿನಲ್ಲಿ ಅವ್ವ ನಿಂತು ಕಂಬಿಗೆ ಹಣೆ ಹಚ್ಚಿದಳು. ಅಷ್ಟರಲ್ಲಿ ಮಾಶಿಮಾ ಅವರ ಅಡುಗೆಮನೆಯ ಹಿಂಬಾಗಿಲು ತೆರೆಯಿತು. ಸೌಟು ಕೈಯಲ್ಲೇ ಇತ್ತು. ಅವ್ವನನ್ನು ನೋಡಿದರು, ಆಮೇಲೆ ನನ್ನನ್ನು.

"ಮೂರು ದಿನದಿಂದ ಸದ್ದು ಕೇಳುತ್ತಿದ್ದೇನೆ, ನಂಬಲಿಲ್ಲ," ಎಂದರು ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ. "ಹೆತ್ತ ತಾಯಿಯನ್ನು ಜಮಾದಾರನ ಮೆಟ್ಟಿಲಿನಿಂದ ಹತ್ತಿಸುತ್ತೀಯಾ, ಮಾ? ನಮಗೆ ತೋರಿಸಲು ನಾಚಿಕೆಯೇ? ಇಂಗ್ಲಿಷ್ ಬರದ ತಾಯಿ ಅಂತಲೇ?"

ಹೀಗೂ ಅರ್ಥವಾಗಬಹುದೆಂದು ನನಗೆ ಹೊಳೆದೇ ಇರಲಿಲ್ಲ. ದಿಕ್ಕಿನ ಕಥೆ ಹೇಳೋಣವೆಂದರೆ ಅವ್ವ ಎದುರಿಗೇ ಇದ್ದಳು. ಮಾಶಿಮಾ ಉತ್ತರಕ್ಕೆ ಕಾಯಲಿಲ್ಲ. ಅವ್ವನ ರಟ್ಟೆ ಹಿಡಿದು ತಮ್ಮ ಅಡುಗೆಮನೆಯೊಳಗೆ ಕರೆದುಕೊಂಡರು. ಒಲೆಯ ಮೇಲೆ ಸಾಸಿವೆ ಎಣ್ಣೆಯಲ್ಲಿ ಮೀನು ಚುರುಗುಟ್ಟುತ್ತಿತ್ತು. ಮೊಟ್ಟೆಯ ಅಂಗಡಿಯ ಮುಂದೆ ಸೆರಗು ಮೂಗಿಗೆ ಹಿಡಿಯುವ ನನ್ನ ಅವ್ವ ಆ ಬಾಣಲೆಯ ಪಕ್ಕದಲ್ಲೇ ಹಾದು ಹೋದಳು, ಸೆರಗು ಮುಟ್ಟಲಿಲ್ಲ. ಹಜಾರ ದಾಟಿ, ಅವರ ಮುಂಬಾಗಿಲಿನಿಂದ ಹೊರಬಿದ್ದು, ಇಬ್ಬರೂ ಅಗಲವಾದ ಕಲ್ಲಿನ ಮೆಟ್ಟಿಲನ್ನು ಕೈ ಕೈ ಹಿಡಿದು ನಿಧಾನವಾಗಿ ಹತ್ತಿದರು. ನಾನು ಹಿಂದೆ.

ಮೇಲೆ ನನ್ನ ಮುಂಬಾಗಿಲು. ಮಾಶಿಮಾ ಕೈ ಚಾಚಿದರು. ಬೀಗದ ಕೈ ಕೊಟ್ಟೆ. ಬೀಗ ತೆರೆಯಿತು, ಬಾಗಿಲು ಎರಡು ಬೆರಳು ಒಳಗೆ ಹೋಗಿ ಕಪಾಟಿಗೆ ಬಡಿದು ನಿಂತಿತು. ಮತ್ತೆ ನೂಕಿದರು. ಒಳಗೆ ಪುಸ್ತಕಗಳು ಧಪಧಪ ಬಿದ್ದವು.

"ಏನಿದೆ ಒಳಗೆ?" ಎಂದರು.

"ಕಪಾಟು," ಎಂದೆ.

ಬೇರೆ ಉಪಾಯವಿರಲಿಲ್ಲ. ಕೆಳಗೆ ಓಡಿ, ಮನೆ ಸುತ್ತಿ, ಓಣಿಗೆ ಬಂದು, ಕಬ್ಬಿಣದ ಮೆಟ್ಟಿಲನ್ನು ಉಸಿರು ಬಿಗಿಹಿಡಿದು ಹತ್ತಿದೆ. ಮೂವತ್ತೈದರ ನನಗೂ ಮೊದಲ ತಿರುವಿಗೇ ಕಂಬಿ ಹಿಡಿದು ನಿಲ್ಲಬೇಕಾಯಿತು. ತೋರಣ ತಲೆಗೆ ಬಡಿಯಿತು. ಒಳಗೆ ಬಂದು ಭುಜ ಕೊಟ್ಟು ಕಪಾಟು ಸರಿಸಿ ಬಾಗಿಲು ಎಳೆದೆ. ಹೊಸ್ತಿಲಾಚೆ ಅವ್ವ ನಿಂತಿದ್ದಳು. ಅವಳ ಬೆನ್ನ ಹಿಂದಿನಿಂದ ಗಾಳಿ ಬೀಸಿ ಒಳಗಿನ ಪರದೆ ಎಲ್ಲ ಹಾರಿತು. ಆಕೆ ಕೆಳಗೆ ಬಿದ್ದ ಪುಸ್ತಕಗಳನ್ನು ನೋಡಿದಳು, ಒಂದನ್ನು ಕಣ್ಣಿಗೊತ್ತಿಕೊಂಡು ಬದಿಗಿಟ್ಟಳು, ಒಳಗೆ ಬಂದಳು.

ಮಾಶಿಮಾ ಹೋದ ಮೇಲೆ ನಾನು ಎಲ್ಲ ಹೇಳಿದೆ. ಮೊದಲ ದಿನದ ಫೋನಿನಿಂದ ಶುರುಮಾಡಿದೆ. ಅವ್ವ ಮಂಚದ ಮೇಲೆ ಕಾಲು ನೀಡಿ ಕೂತು ಕೇಳಿದಳು.

"ನನಗ ಗೊತ್ತೈತಿ," ಎಂದಳು. "ರವಿವಾರನ ಆ ಜಮಾದಾರ ಹೇಳಿದ. ಇದು ನಮ್ಮಂಥಾರ ದಾರಿ ಅವ್ವಾರ, ನೀವ್ಯಾಕ ಇಲ್ಲಿಂದ ಹತ್ತತೀರಿ, ಮುಂದ ಚೊಲೊ ಬಾಗಲ ಐತಲ್ಲ ಅಂದ. ನೀ ಫೋನಿನ್ಯಾಗಿದ್ದಿ. ಪರದೆ ಸರಿಸಿ ನೋಡಿದ್ನಿ."

"ಮತ್ತ ಯಾಕ ಸುಮ್ಮನಿದ್ದಿ ಅವ್ವ? ದಿನಾ ಅದನ್ನ ಹತ್ತಿದ್ಯಲ್ಲ?"

"ನೀ ಯಾವಾಗ ಬ್ಯಾಡ ಅಂತಿ ಅಂತ ನೋಡಾಕ ಹತ್ತಿದ್ನಿ."

ಫ್ಯಾನು ತಿರುಗುತ್ತಿತ್ತು. ನಾನು ಎದ್ದು ಬಿದ್ದ ಪುಸ್ತಕಗಳನ್ನು ಎತ್ತಿಡತೊಡಗಿದೆ.

"ದಿಕ್ಕು ತೊಗೊಂಡು ಏನ ಮಾಡ್ಲಿ," ಎಂದಳು. "ನಾ ಏನರ ಅಂತಿದ್ನಿ, ಎರಡ ದಿನ ಮಾರಿ ಗಂಟ ಹಾಕ್ಕೊಂತಿದ್ನಿ, ಆಮ್ಯಾಲೆ ಒಂದ ಲಿಂಬಿಹಣ್ಣ ಕಟ್ಟಿ ಸುಮ್ಮನಾಗ್ತಿದ್ನಿ. ನನ್ನ ಮೊಣಕಾಲ ನಿನಗ ಗೊತ್ತಿದ್ದಿಲ್ಲನ?"

ಗೊತ್ತಿತ್ತು. ಆ ಮಾತನ್ನು ಮೃದು ಮಾಡಿ ಬರೆಯಲು ನನಗೆ ಬರುವುದಿಲ್ಲ. ಮುಲಾಮಿನ ವಾಸನೆಗೆ ಕಿಟಕಿ ತೆರೆದವಳು ನಾನು. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಲು ಹೋದೆ. ಬೇಡವೆನ್ನಲಿಲ್ಲ, ಕಾಲು ಎಳೆದುಕೊಳ್ಳಲೂ ಇಲ್ಲ. ಒತ್ತಿಸಿಕೊಂಡಳು.

ಗುರುವಾರ ಅವ್ವ ಶನಿವಾರಕ್ಕೆ ಟಿಕೀಟು ತೆಗೆಸು ಎಂದಳು. ಹದಿನೈದು ದಿನ ಅಂದಿದ್ದೆಯಲ್ಲ ಎಂದೆ. ಅಣ್ಣನ ಮಗನ ಪರೀಕ್ಷೆಯಿದೆ ಎಂದಳು. ನಾನು ಏನು ಹೇಳಿದರೂ ಕೇಳಲಿಲ್ಲ. ಆ ಎರಡು ದಿನ ಮುಂಬಾಗಿಲಿನಿಂದ ಇಳಿದು ಮಾಶಿಮಾ ಅವರ ಮನೆಯಲ್ಲಿ ಚಹಾ ಕುಡಿದಳು. ಇಬ್ಬರೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದೆಯೇ ಗಂಟೆಗಟ್ಟಲೆ ಮಾತಾಡಿದರು. ಏನು ಮಾತಾಡಿದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಶನಿವಾರ ಬೆಳಿಗ್ಗೆ ಚೀಲ ಕಟ್ಟಿಟ್ಟು ಬಾಲ್ಕನಿಗೆ ಬಂದಳು. ಕುರ್ಚಿಯಲ್ಲಿ ಕೂರಲಿಲ್ಲ, ಕಟಾಂಜನ ಹಿಡಿದು ನಿಂತಳು. ಒಳ್ಳೆಯ ಗಾಳಿಯಿತ್ತು.

"ನಾ ಮಾತ ಕೊಟ್ಟೇನಿ. ಇನ್ನ ಮದವಿ ಸುದ್ದಿ ಎತ್ತಂಗಿಲ್ಲ," ಎಂದಳು. "ಮನಿ ಚೊಲೊ ಐತಿ. ಒಬ್ಬಾಕಿಗೆ ಆಗೂವಷ್ಟ ಐತಿ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಮುಂದೆ ಎಷ್ಟು ವರ್ಷ ಕಳೆದರೂ ಅವ್ವ ಮದುವೆಯ ಮಾತು ಎತ್ತಲಿಲ್ಲ. ನಾನು ಪಣಕ್ಕಿಟ್ಟದ್ದೆಲ್ಲ ನನಗೇ ಉಳಿಯಿತು.

ಟ್ಯಾಕ್ಸಿ ಬರಲು ಇನ್ನೂ ಹೊತ್ತಿತ್ತು. ಅವಳು ಬರುತ್ತಾಳೆಂದು ನಾನು ಕೊಂಡು ತಂದಿದ್ದ ಹಾಸಿಗೆಯನ್ನು ಅವ್ವ ತಾನೇ ಸುತ್ತಿ, ಹಗ್ಗ ಬಿಗಿದು, ಎದೆಗೆ ಆನಿಸಿಕೊಂಡು ಕೋಣೆಯ ನಡುವೆ ನಿಂತಳು.

"ಇದನ್ನ ಎಲ್ಲೆ ಇಡಲಿ?" ಎಂದಳು.

ನಾನು ಮನೆಯೆಲ್ಲ ತಿರುಗಿ ನೋಡಿದೆ. ಎಲ್ಲಿಯೂ ಜಾಗವಿರಲಿಲ್ಲ.